ಮೈಲಾರಕ್ಕೆ ಹೋದ ಕನ್ನಡಕ

ಮಾಘಮಾಸದ ಒಂದು ಬೆಳಗ್ಗೆ ಕೂಡ್ಲಿಗಿಯ ಬಸ್ ನಿಲ್ದಾಣದಲ್ಲಿ ಇಳಿದಾಗ ನನ್ನ ಕೈಚೀಲದಲ್ಲಿ ಎರಡು ಜೊತೆ ಬಟ್ಟೆ, ತಿದ್ದದೆ ಉಳಿದ ಉತ್ತರಪತ್ರಿಕೆಗಳ ಒಂದು ಕಟ್ಟು ಮತ್ತು ಒಂದು ಕನ್ನಡಕ ಇದ್ದವು. ಕನ್ನಡಕ ನನ್ನದಲ್ಲ. ಒಂದು ಕಾಲಕ್ಕೆ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಹಳಗನ್ನಡದ ಪಾಠಕ್ಕೆ ತೂಕಡಿಸುತ್ತಿದ್ದ, ಈಗ ಬೆಂಗಳೂರಿನಲ್ಲಿ ಎಂಜಿನಿಯರನಾಗಿರುವ ಶಿಷ್ಯನೊಬ್ಬ ಹದಿನೈದು ದಿನಗಳ ಮಟ್ಟಿಗೆ ನಂಬಿ ಕೊಟ್ಟದ್ದು. “ಸರ್, ಜೋಪಾನ” ಎಂದು ಅವನು ಮೂರು ಸಲ ಹೇಳಿದ್ದ. ಪರೀಕ್ಷೆಯ ಕಾಲದಲ್ಲಿ ನಾನು ಅವನಿಗೆ ಅಷ್ಟು ಸಲ ಹೇಳಿದ್ದು ನೆನಪಿಲ್ಲ.

ಅದು ಕೊಟ್ಟೂರಿನಲ್ಲಿರುವ ನನ್ನ ಸೋದರಮಾವನಿಗಾಗಿ. ಮಾವ ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟರಾಗಿ ಈಗ ನಿವೃತ್ತರು. ಆರೇಳು ವರ್ಷಗಳಿಂದ ಅವರ ಕಿವಿ ಮಂದವಾಗುತ್ತ ಬಂದಿದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೂ ಹೋಗಿ ಬಂದರು. ಅಲ್ಲಿ ಅವರಿಗೆ ತಿಳಿಸಿ ಹೇಳಿದ್ದು ಇಷ್ಟು: ಒಳಗಿವಿಯ ಶಂಖದಲ್ಲಿ ಕೂದಲಿನಂಥ ಸೂಕ್ಷ್ಮ ಕೋಶಗಳಿವೆ, ವಯಸ್ಸಿನಲ್ಲಿ ಅವು ನಶಿಸುತ್ತವೆ, ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಎತ್ತರದ ಶ್ರುತಿಯ ಸದ್ದು. ಎಂದರೆ ಸ್ವರಗಳು ಉಳಿದು ಸ, ಶ, ತ, ಕ ಮುಂತಾದ ವ್ಯಂಜನಗಳು ಮಸುಕಾಗುತ್ತವೆ. ಶ್ರವಣಯಂತ್ರ ಸದ್ದನ್ನು ದೊಡ್ಡದು ಮಾಡಬಲ್ಲದು, ಹೋದ ವ್ಯಂಜನವನ್ನು ಪೂರ್ತಿಯಾಗಿ ತಂದುಕೊಡಲಾರದು. ಜನಜಂಗುಳಿಯಲ್ಲಂತೂ ಎಲ್ಲ ಸದ್ದೂ ಒಟ್ಟಾಗಿ ದೊಡ್ಡದಾಗಿ, ಮಾತು ಅದರಲ್ಲಿ ಮುಳುಗಿಹೋಗುತ್ತದೆ. ಜೀವಮಾನವೆಲ್ಲ ಕಾಗುಣಿತ ಕಲಿಸಿದ ಮನುಷ್ಯನಿಗೆ ಇದೆಂಥ ಶಿಕ್ಷೆಯೋ ಎಂದುಕೊಂಡಿದ್ದೆ.

ಮಾವ ಅದಕ್ಕೆಲ್ಲ ಗೊಣಗುವವರಲ್ಲ. ಅವರಿಗೆ ಇದ್ದ ಕೊರಗು ಒಂದೇ. ಹುಡುಗರಾಗಿದ್ದಾಗಿನಿಂದ ಭರತ ಹುಣ್ಣಿಮೆಯ ಜಾತ್ರೆಗೆ ಮೈಲಾರಕ್ಕೆ ಹೋಗಿ ಕಾರಣಿಕ ಕೇಳಿದವರು ಅವರು. ಈಚಿನ ನಾಲ್ಕು ವರ್ಷ ಹೋದರೂ ಕೇಳಲಿಲ್ಲ. ನಿಂತು ನೋಡಿ ಬಂದರು. ಪಕ್ಕದವರನ್ನು ಕೇಳಿದರೆ ಆಮೇಲೆ ಹೇಳುತ್ತಾರೆ, ಮರುದಿನ ಪತ್ರಿಕೆಯಲ್ಲಿಯೂ ಬರುತ್ತದೆ. “ಎಲ್ಲರೂ ಕೇಳಿದ ಗಳಿಗೆಗೇ ನನಗೂ ತಿಳೀಬೇಕಲ್ಲಪ್ಪಾ. ಊಟ ಆದಮೇಲೆ ಎಲೆ ತೋರಿಸಿದಂಗ ಆಗ್ತದ” ಎಂದು ಕಳೆದ ದೀಪಾವಳಿಯಲ್ಲಿ ಅವರು ಹೇಳಿದ ಮಾತೇ ಈ ಪ್ರವಾಸಕ್ಕೆ ಕಾರಣ.

ಕನ್ನಡಕ ಎಂಥದೆಂದು ಹೇಳಬೇಕು. ನೋಡಲು ತುಸು ದಪ್ಪನೆಯ ಕಪ್ಪು ಕನ್ನಡಕವೇ. ಗಾಜಿನ ಹಿಂದೆ, ಹುಬ್ಬಿನ ಕೆಳಗೆ, ಉಗುರಿನಷ್ಟು ದೊಡ್ಡ ಎರಡು ಪರದೆಗಳಿವೆ. ಪರದೆಯ ಬೆಳಕು ಅರೆಪಾರದರ್ಶಕವಾದ ಕನ್ನಡಿಯ ಮೇಲೆ ಬಿದ್ದು ಕಣ್ಣಿಗೆ ಬರುತ್ತದೆ. ಹೊರಗಿನ ಲೋಕವೂ ಅದೇ ಕನ್ನಡಿಯ ಮೂಲಕ ಕಾಣುತ್ತದೆ. ಪರದೆಯಲ್ಲಿ ಕಪ್ಪು ಇದ್ದ ಕಡೆ ಬೆಳಕಿಲ್ಲ, ಆದ್ದರಿಂದ ಅಲ್ಲಿ ಏನೂ ಕಾಣದು. ಕಪ್ಪು ಹಾಳೆಯ ಮೇಲೆ ಬಿಳಿಯ ಅಕ್ಷರ ಬರೆದರೆ ಹಾಳೆ ಮಾಯವಾಗಿ ಅಕ್ಷರ ಮಾತ್ರ ಎದುರಿಗಿರುವವರ ಎದೆಯ ಮೇಲೆ ತೇಲುತ್ತದೆ. ಇದಕ್ಕೇ ಆಗ್ಮೆಂಟೆಡ್ ರಿಯಾಲಿಟಿ ಎಂದು ಹೆಸರು. ಇದರ ಮುತ್ತಜ್ಜ ಅಮೆರಿಕದ ಹಾರ್ವರ್ಡಿನಲ್ಲಿ 1968ರಲ್ಲಿ ಐವನ್ ಸದರ್ಲ್ಯಾಂಡ್ ಎಂಬವರು ಕಟ್ಟಿದ ಯಂತ್ರ. ಅದು ಎಷ್ಟು ಭಾರವಾಗಿತ್ತೆಂದರೆ ಅದನ್ನು ಮಾಳಿಗೆಯಿಂದ ತೂಗುಹಾಕಿ ಅದರ ಕೆಳಗೆ ತಲೆಯಿಡಬೇಕಾಗಿತ್ತು. ನನ್ನ ಚೀಲದಲ್ಲಿದ್ದದ್ದು ಒಂದು ಹಿಡಿ ಶೇಂಗಾದಷ್ಟು ಹಗುರ.

ಆದರೆ ಹಗುರವಾದದ್ದಕ್ಕೆ ಬೆಲೆ ತೆರಬೇಕಲ್ಲವೆ? ಈ ಜಾತಿಯ ಕನ್ನಡಕದಲ್ಲಿ ಬ್ಯಾಟರಿಯಿಲ್ಲ, ಬುದ್ಧಿಯೂ ಇಲ್ಲ. ಅದು ಬರಿಯ ಪರದೆ. ಒಂದು ತಂತಿಯಿಂದ ಫೋನಿಗೆ ಸಿಕ್ಕಿಸಿದಾಗ ಫೋನು ಅದಕ್ಕೆ ವಿದ್ಯುತ್ತನ್ನೂ ಚಿತ್ರವನ್ನೂ ಕೊಡಬೇಕು. ಮಾತನ್ನು ಕೇಳುವುದು ಫೋನಿನ ಮೈಕು. ಅದನ್ನು ಅಕ್ಷರವಾಗಿಸುವುದು ಫೋನಿನೊಳಗಿನ ತಂತ್ರಾಂಶ. ನಾವು ಬಳಸಿದ ತಂತ್ರಾಂಶದಲ್ಲಿ ಕನ್ನಡವಾದರೆ ಆ ಕೆಲಸ ಎಲ್ಲಿಯೋ ದೂರದ ಕಂಪ್ಯೂಟರಿನಲ್ಲಿ ನಡೆದು ಉತ್ತರ ಮರಳಬೇಕು. ಕೂಡುಕುಟುಂಬದಂತೆ, ಒಬ್ಬರು ಮುನಿದರೂ ಒಲೆ ಉರಿಯದು.

ಮೊದಲು ಮುನಿದದ್ದು ತಂತಿ. ಕೊಟ್ಟೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಗಾಂಧೀಜಿಯ ಚಿತಾಭಸ್ಮವನ್ನಿಟ್ಟ ಸ್ಮಾರಕವನ್ನು ಕೂಡ್ಲಿಗಿಯಲ್ಲಿ ನೋಡಿಕೊಂಡು ಬಂದು, ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಕನ್ನಡಕವನ್ನು ನನ್ನ ಫೋನಿಗೆ ಸಿಕ್ಕಿಸಿದೆ. ಕತ್ತಲೆ. ಮತ್ತೆ ಸಿಕ್ಕಿಸಿದೆ. ಕತ್ತಲೆಯೇ. ಹತ್ತಿರದ ಮೊಬೈಲು ಅಂಗಡಿಗೆ ಹೋದರೆ ಅಂಗಡಿಯ ಹುಡುಗ ಒಂದು ಹೊಸ ತಂತಿ, ಅದೂ ಸಾಲದೆ ಓಟಿಜಿ ಎಂಬ ಒಂದು ತುಂಡು ಮಾರಿದ. ಬೆಳಕು ಬರಲಿಲ್ಲ. ಬೆಂಗಳೂರಿಗೆ ಫೋನು ಮಾಡಿ ಶಿಷ್ಯನಿಂದ ಪಾಠ ಹೇಳಿಸಿಕೊಂಡೆ.

ಈಗಿನ ಫೋನುಗಳ ಕೆಳತುದಿಯಲ್ಲಿ ಮೊಟ್ಟೆಯಾಕಾರದ ಒಂದು ಕಿಂಡಿಯಿದೆ. ಟೈಪ್ ಸಿ ಎನ್ನುತ್ತಾರೆ. ಯುರೋಪಿನಲ್ಲಿ 2024ರ ಡಿಸೆಂಬರಿನಿಂದ ಹೊಸ ಫೋನುಗಳಿಗೆಲ್ಲ ಇದೇ ಕಿಂಡಿ ಇರಬೇಕೆಂದು ಕಾನೂನೇ ಆಗಿದೆ. ಆದರೆ ಕಿಂಡಿಯ ಆಕಾರ ಒಂದಾದ ಮಾತ್ರಕ್ಕೆ ಅದರ ಹಿಂದಿನ ಸಾಮರ್ಥ್ಯ ಒಂದಲ್ಲ. ಇದರೊಳಗಿಂದ ಚಿತ್ರವನ್ನು ಹೊರಗೆ ಕಳುಹಿಸುವ ಪದ್ಧತಿಗೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಎಂದು ಹೆಸರು. ಅದು ರೂಪುಗೊಂಡದ್ದು 2014ರಲ್ಲಿ. ಫೋನು ತಯಾರಿಸುವವರು ಅದನ್ನು ಇಡಬಹುದು, ಬಿಡಬಹುದು. ಅಗ್ಗದ ಫೋನುಗಳಲ್ಲಿ ಬಹಳ ಮಟ್ಟಿಗೆ ಬಿಟ್ಟಿರುತ್ತಾರೆ. ಅಂಥ ಕಿಂಡಿಯಿಂದ ಚಾರ್ಜು ಆಗುತ್ತದೆ, ಫೈಲು ಸಾಗುತ್ತದೆ, ಚಿತ್ರ ಮಾತ್ರ ಬಾರದು. ಯಾವ ಅಂಗಡಿಯ ಯಾವ ತುಂಡೂ ಅದನ್ನು ಬರಿಸಲಾರದು. ತಂತಿಯದೂ ಹಾಗೆಯೇ. ಚಾರ್ಜಿಗೆಂದು ಮಾರುವ ತಂತಿಯ ಹೊಟ್ಟೆಯಲ್ಲಿ ನಾಲ್ಕೈದು ಎಳೆಗಳಷ್ಟೆ. ಚಿತ್ರ ಒಯ್ಯಲು ಇನ್ನೂ ಹಲವು ಎಳೆ ಬೇಕು. ಹೊರಗಿನಿಂದ ನೋಡಿದರೆ ಎರಡೂ ಅವಳಿಜವಳಿ.

ಕನ್ನಡಕದೊಡನೆ ಬಂದ ತಂತಿಯನ್ನೇ ಬಳಸಬೇಕು, ಫೋನು ಬೇರೆಯಾಗಬೇಕು ಎಂದಾಯಿತು. ಮಾವನ ಫೋನೂ ನನ್ನದರಂತೆಯೇ ಬಡವರದು. ಪುಣ್ಯಕ್ಕೆ ಕೊಟ್ಟೂರಿನಲ್ಲಿ ಮಾವನ ಮೊಮ್ಮಗಳ ಹತ್ತಿರ, ಅವಳ ತಂದೆ ಬಳಸಿ ಬಿಟ್ಟ ಒಂದು ದುಬಾರಿ ಫೋನಿತ್ತು. ಡಿಗ್ರಿ ಎರಡನೆಯ ವರ್ಷದ ಆ ಹುಡುಗಿ ಅದನ್ನು ಕೊಡಲು ಒಪ್ಪಿದಳು. ಆದರೆ ಫೋನು ಎಲ್ಲಿಯೋ ತಾನೂ ಅಲ್ಲಿಯೇ ಎಂಬ ಷರತ್ತು ಹಾಕಿದಳು. ಆ ಷರತ್ತು ಮುಂದೆ ನಮ್ಮನ್ನು ಕಾಪಾಡುತ್ತದೆಂದು ಆಗ ತಿಳಿದಿರಲಿಲ್ಲ.

ಕೊಟ್ಟೂರಿನಲ್ಲಿ ಕೊಟ್ಟೂರೇಶ್ವರನ ತೇರಿನ ಸಿದ್ಧತೆ ಆರಂಭವಾಗಿತ್ತು. ಬೀದಿಯಲ್ಲಿ ಮಂಡಕ್ಕಿ, ಮಿರ್ಚಿಯ ಅಂಗಡಿಗಳು ಆಗಲೇ ಎದ್ದಿದ್ದವು. ಮನೆಯ ಪಡಸಾಲೆಯಲ್ಲಿ ಮಾವನನ್ನು ಕೂರಿಸಿ ಕನ್ನಡಕ ತೊಡಿಸಿದರೆ, ಇನ್ನೊಂದು ತೊಡಕು. ಅವರು ಮೊದಲೇ ಚಾಳೀಸು ಹಾಕುವವರು. ಅದನ್ನು ತೆಗೆದರೆ ಅಕ್ಷರ ಮಸುಕು, ತೆಗೆಯದಿದ್ದರೆ ಇದು ಮೂಗಿನ ಮೇಲೆ ನಿಲ್ಲದು. ಒಳಗೆ ಸಿಕ್ಕಿಸಲು ಒಂದು ಚಿಕ್ಕ ಚೌಕಟ್ಟು ಇರುತ್ತದೆ. ಅದಕ್ಕೆ ಅವರವರ ಕಣ್ಣಿನ ನಂಬರಿನ ಗಾಜು ಕೂಡಿಸಬೇಕು. ಊರಿನ ಕನ್ನಡಕದಂಗಡಿಯವರು ಎರಡು ದಿನದಲ್ಲಿ ಗಾಜು ಉಜ್ಜಿ ಕೂಡಿಸಿಕೊಟ್ಟರು. ಬೆಂಗಳೂರಿನವರೂ ಅಷ್ಟು ಅಚ್ಚುಕಟ್ಟಾಗಿ ಮಾಡುತ್ತಿರಲಿಲ್ಲ.

ಮೂರನೆಯ ದಿನ ಸಂಜೆ ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತು, “ಉಣ್ಣಾಕ ಏಳ್ರಿ” ಎಂದರು. ಮಾವನ ಕಣ್ಣೆದುರು ಅಕ್ಷರಗಳು ಒಂದೊಂದಾಗಿ ಮೂಡಿದವು. ಅವರು ಗಟ್ಟಿಯಾಗಿ ಓದಿದರು: “ಹುಣ್ಣಾಗ ಹೇಳ್ರಿ.” ಮೊಮ್ಮಗಳು ನಕ್ಕು ನೆಲಕ್ಕೆ ಕುಳಿತಳು. ಜ್ವಾಳದ ರೊಟ್ಟಿ ‘ಜ್ವಾಲದ ರೊಟ್ಟಿ’ ಆಯಿತು; ನಮ್ಮ ಕಡೆಯ ಬಿಸಿಲಿಗೆ ಅದೂ ಒಪ್ಪುವ ಮಾತೇ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀchi ಎಂಬ ಹೆಸರಿನಿಂದ ಕನ್ನಡಿಗರನ್ನು ನಗಿಸಿದ ರಾಯಸಂ ಭೀಮಸೇನರಾಯರು ಇದ್ದಿದ್ದರೆ ಈ ಕನ್ನಡಕವನ್ನು ತಿಂಮನಿಗೆ ತೊಡಿಸದೆ ಬಿಡುತ್ತಿರಲಿಲ್ಲ.

ಅತ್ತೆ ಸೋಲುವವರಲ್ಲ. ಮರುದಿನ ಬೆಳಗ್ಗೆ, ಯಂತ್ರಕ್ಕೆ ತಿಳಿಯಲೆಂದು, ಶಾಲೆಯ ನಾಟಕದಲ್ಲಿ ಪಾತ್ರ ಮಾಡಿದವರಂತೆ ಪುಸ್ತಕದ ಕನ್ನಡದಲ್ಲಿ ಮಾತನಾಡತೊಡಗಿದರು: “ಚಹಾ ಸಿದ್ಧವಾಗಿದೆ. ದಯವಿಟ್ಟು ಸ್ವೀಕರಿಸಿರಿ.” ಅಕ್ಷರ ಒಂದೂ ತಪ್ಪಲಿಲ್ಲ. ಮಾವ ಓದಿದರು, ಹೆಂಡತಿಯ ಮುಖ ನೋಡಿದರು, ಕನ್ನಡಕ ತೆಗೆದರು. “ನಾ ನನ್ನ ಹೆಂಡ್ತಿ ಮಾತು ಕೇಳಬೇಕು ಅಂದಿದ್ದೆ. ಈಕಿ ಯಾರು, ರೇಡಿಯೋದಾಕಿ?” ಎಂದರು.

ನಗೆಯ ಮಾತಾದರೂ ನನಗೆ ಅದು ನಾಟಿತು. ಯಂತ್ರಕ್ಕೆ ಕನ್ನಡ ಕಲಿಸುವುದೆಂದರೆ ಸಾವಿರಾರು ಗಂಟೆಗಳ ಮಾತನ್ನು, ಅದರ ಬರಹದೊಡನೆ ಜೋಡಿಸಿ ಉಣಿಸುವುದು. ಸುದ್ದಿ ಓದುವವರ ಕನ್ನಡ ಸುಲಭವಾಗಿ ಸಿಗುತ್ತದೆ. ಕೊಟ್ಟೂರಿನ ಅಡಿಗೆಮನೆಯ ಕನ್ನಡ ಎಲ್ಲಿ ಸಿಗಬೇಕು? ಈ ಕೊರತೆ ಬಲ್ಲವರು ಸುಮ್ಮನೆ ಕುಳಿತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೆಸ್ಪಿನ್ ಎಂಬ ಯೋಜನೆಯಲ್ಲಿ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಉಪಭಾಷೆಗಳ ಮಾತನ್ನು ಸಂಗ್ರಹಿಸಿದ್ದಾರೆ. ಗೂಗಲ್ಲಿನ ನೆರವಿನಿಂದ 2022ರಲ್ಲಿ ಪ್ರಕಟವಾದ ‘ವಾಣಿ’ ಯೋಜನೆಯ ಗುರಿ ಇನ್ನೂ ದೊಡ್ಡದು: ದೇಶದ ಜಿಲ್ಲೆಜಿಲ್ಲೆಯಿಂದಲೂ ಜನ ಸಹಜವಾಗಿ ಆಡುವ ಮಾತು, ಒಟ್ಟು ಒಂದೂವರೆ ಲಕ್ಷ ಗಂಟೆಗಳಷ್ಟು. ಅತ್ತೆಯ “ಏಳ್ರಿ” ಎಂದಾದರೊಂದು ದಿನ ಆ ಕಣಜಕ್ಕೆ ಸೇರಬಹುದು. ಅಲ್ಲಿಯವರೆಗೆ ಮಾವ ‘ಹುಣ್ಣಾಗ’ ಎಂದು ಬಂದರೆ ‘ಉಣ್ಣಾಕ’ ಎಂದು ಓದಿಕೊಳ್ಳಲು ಕಲಿತರು. ಮೂವತ್ತೈದು ವರ್ಷ ಮಕ್ಕಳ ಕಾಗುಣಿತ ತಿದ್ದಿದವರಿಗೆ ಅದೇನು ಕಷ್ಟ?

ಉಳಿದ ಸಿದ್ಧತೆಯನ್ನು ಮೊಮ್ಮಗಳು ಮಾಡಿದಳು. ಫೋನಿನ ಹಿನ್ನೆಲೆಯನ್ನೆಲ್ಲ ಕಪ್ಪು ಮಾಡಿ ಅಕ್ಷರ ದೊಡ್ಡದು ಮಾಡಿದಳು. ಪರದೆ ಅಡ್ಡಕ್ಕೇ ನಿಲ್ಲುವಂತೆ, ತಾನಾಗಿ ಆರದಂತೆ ಕಟ್ಟುಮಾಡಿದಳು. ಒಮ್ಮೆ ಮಾತಿನ ನಡುವೆ ಅತ್ತೆಯ ಹಣೆಯ ಮೇಲೆ “ನಿಮಗೆ ಸಾಲ ಮಂಜೂರಾಗಿದೆ” ಎಂದು ಮೂಡಿದ ಮೇಲೆ ಹೊರಗಿನ ಸಂದೇಶಗಳಿಗೆ ಬಾಗಿಲು ಹಾಕಿದಳು. ಇರುವುದು ಒಂದೇ ಕಿಂಡಿ, ಅದಕ್ಕೆ ಕನ್ನಡಕ ಹತ್ತಿದರೆ ಚಾರ್ಜಿಗೆ ಜಾಗವಿಲ್ಲ. ಎರಡನ್ನೂ ಕೂಡಿಸುವ ಕವಲು ತುಂಡೊಂದನ್ನು ಶಿಷ್ಯ ಕೊರಿಯರಿನಲ್ಲಿ ಕಳುಹಿಸಿದ. ಅಂಗಿಗೆ ಸಿಕ್ಕಿಸುವ ಚಿಕ್ಕ ಮೈಕನ್ನು ಬ್ಲೂಟೂತಿನಿಂದ ಜೋಡಿಸಿದೆವು. ತಂತಿ ಕಚ್ಚಿದೊಡನೆ ಫೋನು ಈ ಮೈಕನ್ನು ಮರೆತು ಕನ್ನಡಕದಲ್ಲಿಯೇ ಇರುವ ಮೈಕಿಗೆ ಕಿವಿಗೊಡುತ್ತಿತ್ತು. ಮೊದಲು ಕನ್ನಡಕ, ಆಮೇಲೆ ಮೈಕು ಎಂಬ ಕ್ರಮ ಹಿಡಿದರೆ ಸರಿಹೋಗುತ್ತದೆ ಎಂದು ಕಂಡುಕೊಳ್ಳಲು ಅರ್ಧ ದಿನ ಹಿಡಿಯಿತು. ಪೂಜೆಗೂ ಹೀಗೆಯೇ ಕ್ರಮವುಂಟು ಎಂದರು ಅತ್ತೆ.

ಹುಣ್ಣಿಮೆ ಕಳೆದು ಕಾರಣಿಕದ ದಿನ ಹತ್ತಿರವಾದಾಗ ಬಾಡಿಗೆಯ ಕಾರಿನಲ್ಲಿ ಹೊರಟೆವು. ಹಗರಿಬೊಮ್ಮನಹಳ್ಳಿಯ ದಾರಿಯಾಗಿ ಹೋದದ್ದು ಹುಡುಗಿಯ ಒತ್ತಾಯಕ್ಕೆ. ಆ ತಾಲ್ಲೂಕಿನ ಅಂಕಸಮುದ್ರದ ಕೆರೆ ನೂರು ಹೆಕ್ಟೇರಿಗೂ ತುಸು ಕಡಿಮೆಯದು. ಮನುಷ್ಯರು ಕಟ್ಟಿದ್ದು, ಹಕ್ಕಿಗಳು ತುಂಬಿದ್ದು. 2024ರ ಜನವರಿಯಲ್ಲಿ ಅದಕ್ಕೆ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಬಂದಿತು. ನೀರಿನಲ್ಲಿ ನಿಂತ ಜಾಲಿಮರಗಳ ಮೇಲೆ ಕೊಕ್ಕರೆಗಳ ಸಂತೆ. ಮಾವ ಕನ್ನಡಕ ಹಾಕಿ ದಂಡೆಯಲ್ಲಿ ನಿಂತರು. ಕೆಳಗೆ ಸಣ್ಣ ಅಕ್ಷರದಲ್ಲಿ, ಹಕ್ಕಿ ಎಂಬರ್ಥದ ಒಂದೇ ಒಂದು ಇಂಗ್ಲಿಷ್ ಪದ ಬಂದು ನಿಂತಿತು. “ಇಷ್ಟೆಲ್ಲ ಹಕ್ಕಿಗೂ ಒಂದೇ ಹಾಜರಿ!” ಎಂದು ಅವರು ಅದನ್ನು ತೆಗೆದು ಚೀಲಕ್ಕೆ ಹಾಕಿ ಬರಿಗಣ್ಣಿನಿಂದ ಬಹಳ ಹೊತ್ತು ನೋಡಿದರು.

ಹೂವಿನಹಡಗಲಿಯಲ್ಲಿ ತಂಗಿದ್ದು ಒಂದು ರಾತ್ರಿ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಮೊಮ್ಮಗಳು ಒಂದು ಮಾರು ಕೊಂಡು ಮುಡಿದಳು. ಕಣ್ಣಿಗಾಗಲಿ ಕಿವಿಗಾಗಲಿ ಸೇರದ ಆ ವಿಷಯದಲ್ಲಿ ನಮ್ಮ ಕನ್ನಡಕಕ್ಕೆ ಹೇಳುವುದೇನೂ ಇರಲಿಲ್ಲ.

ಮೈಲಾರ ಅದೇ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಡದಲ್ಲಿ. ಜಾತ್ರೆಯ ದಿನ ಅಲ್ಲಿಗೆ ದಾರಿ ಕೇಳಬೇಕಾಗಿಲ್ಲ, ಜನಪ್ರವಾಹವೇ ಒಯ್ಯುತ್ತದೆ. ಕರಿಯ ಕಂಬಳಿ ಹೊದ್ದು ಡಮರು ನುಡಿಸುವ ಗೊರವರು, ಕೊಲ್ಲಾರಿ ಬಂಡಿಗಳ ಸಾಲು, ಭಂಡಾರದ ಹಳದಿ ಧೂಳು, “ಏಳುಕೋಟಿಗೋ” ಎಂಬ ಕೂಗು. ಹನ್ನೊಂದು ದಿನ ಉಪವಾಸವಿದ್ದ ಗೊರವಯ್ಯ ಡೆಂಕನಮರಡಿ ಎಂಬ ದಿಬ್ಬದಲ್ಲಿ ಎತ್ತರದ ಬಿಲ್ಲನ್ನೇರಿ, “ಸದ್ದಲೇ” ಎಂದು ಕೂಗುತ್ತಾನೆ. ಆಗ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ಮೌನವಾಗುತ್ತಾರೆ. ಅವನು ಒಂದೇ ಒಂದು ವಾಕ್ಯ ನುಡಿದು ಬಿಲ್ಲಿನಿಂದ ಕೆಳಕ್ಕೆ ಬೀಳುತ್ತಾನೆ, ಜನ ಹಿಡಿದುಕೊಳ್ಳುತ್ತಾರೆ. ಮಳೆ, ಬೆಳೆ, ರಾಜ್ಯಭಾರ, ಎಲ್ಲವನ್ನೂ ಆ ಒಂದು ವಾಕ್ಯದಲ್ಲಿ ಹುಡುಕುವವರಿದ್ದಾರೆ. ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆ ಮೌನವನ್ನು ಮಾತ್ರ ಒಮ್ಮೆ ಅನುಭವಿಸಬೇಕು.

ಮಧ್ಯಾಹ್ನ ಮೂರರ ಹೊತ್ತಿಗೆ ಜಾಗ ಹಿಡಿದು ನಿಂತೆವು. ಬಿಸಿಲಿನಲ್ಲಿ ಫೋನು ಕಾದು ತಾನಾಗಿಯೇ ಮಂಕಾಗತೊಡಗಿತು. ಒದ್ದೆ ಮಾಡದ ಬಿಳಿಯ ವಸ್ತ್ರದಲ್ಲಿ ಸುತ್ತಿ ಮಾವನ ನೆರಳಿನಲ್ಲಿ ಹಿಡಿದೆವು. ಕನ್ನಡಕಕ್ಕೆ ಕಪ್ಪು ಮುಚ್ಚಳ ಹಾಕಿದ ಮೇಲೆ ಅಕ್ಷರ ಚೆನ್ನಾಗಿ ಕಂಡಿತು. ಪಕ್ಕದ ರೈತರೊಬ್ಬರು ಮೆಣಸಿನಕಾಯಿಯ ಬೆಲೆಯ ಮಾತೆತ್ತಿದರೆ ಮಾವ ಓದಿ ಉತ್ತರ ಕೊಟ್ಟರು. ಎಲ್ಲವೂ ನಡೆಯುತ್ತಿತ್ತು.

ನಾಲ್ಕೂವರೆಯ ಹೊತ್ತಿಗೆ ಅಕ್ಷರಗಳು ತಡವಾಗಿ ಬರತೊಡಗಿದವು. ಐದಕ್ಕೆ ನಿಂತೇಹೋದವು. ಫೋನಿನ ಮೇಲುಗಡೆ ಸಿಗ್ನಲಿನ ಕಡ್ಡಿಗಳೆಲ್ಲ ನೆಟ್ಟಗೆ ನಿಂತಿದ್ದವು. ಆದರೆ ಅದು ಗೋಪುರ ಹತ್ತಿರವಿದೆ ಎನ್ನುವುದಕ್ಕೆ ಸಾಕ್ಷಿಯೇ ಹೊರತು, ಗೋಪುರಕ್ಕೆ ಪುರುಸೊತ್ತಿದೆ ಎನ್ನುವುದಕ್ಕಲ್ಲ. ಒಂದು ಗೋಪುರ ಹೊರುವ ಹೊರೆಗೆ ಮಿತಿಯುಂಟು, ಅಲ್ಲಿ ಸೇರಿದವರೆಲ್ಲ ಅದನ್ನು ಹಂಚಿಕೊಳ್ಳಬೇಕು. ಅಂದು ಪ್ರತಿಯೊಬ್ಬರ ಕೈಯಲ್ಲಿಯೂ ಫೋನು, ಪ್ರತಿಯೊಬ್ಬರೂ ಚಿತ್ರ ಕಳುಹಿಸುವವರೇ. ನಮ್ಮ ಬಡಪಾಯಿ ಮಾತಿಗೆ ದಾರಿಯೆಲ್ಲಿ? ಮಾವನ ಕಣ್ಣೆದುರು ಒಂದು ಬಿಳಿಯ ಚಕ್ರ ಸುಮ್ಮನೆ ತಿರುಗುತ್ತಿತ್ತು. “ತಮ್ಮಾ, ಇಲ್ಲೊಂದು ಚಕ್ರ ತಿರುಗಾಕತ್ತೈತಿ. ಮೈಲಾರಲಿಂಗ ಬರೋ ಮುಂಚೆ ವಿಷ್ಣು ಬಂದನೇನು?” ಎಂದರು. ನಗಲು ನನಗೆ ಬಾಯಿ ಬರಲಿಲ್ಲ. ಐದು ದಿನ ಪಟ್ಟ ಪಾಡು ನೆನೆದು ಹೊಟ್ಟೆ ತೊಳಸಿತು. ದೂರದಲ್ಲಿ ಜನ ದಾರಿ ಬಿಡುತ್ತಿದ್ದರು. ಗೊರವಯ್ಯ ಬಂದನೆಂದು ಕೂಗಾಯಿತು.

ಮೊಮ್ಮಗಳು ನನ್ನ ಕೈಯಿಂದ ಫೋನನ್ನು ಕಿತ್ತುಕೊಂಡಳು. ಆ ತಂತ್ರಾಂಶವನ್ನು ಮುಚ್ಚಿ, ಟಿಪ್ಪಣಿ ಬರೆಯುವ ಕಪ್ಪು ಹಾಳೆಯೊಂದನ್ನು ತೆರೆದಳು. ಅದಕ್ಕೆ ಜಾಲ ಬೇಡ, ಗೋಪುರ ಬೇಡ. ಕನ್ನಡಕಕ್ಕಾದರೋ ಫೋನಿನ ಪರದೆಯಲ್ಲಿ ಏನಿದ್ದರೂ ಒಂದೇ. ತಾತನ ಕಿವಿಯಿಂದ ಇಳಿದ ನಾಲ್ಕು ಅಡಿಯ ತಂತಿಯ ಈ ತುದಿಯಲ್ಲಿ, ಮಲ್ಲಿಗೆ ಬಾಡಿದ ತಲೆಯನ್ನು ಬಗ್ಗಿಸಿ ನಿಂತು ಹೆಬ್ಬೆರಳುಗಳಿಂದ ಒತ್ತಿದಳು: “ತಾತಾ ನಾನು ಬರೀತೀನಿ. ಬಂದ. ಬಿಲ್ಲು ಹತ್ತಾಕತ್ತಾನ.” ಮಾವ ತಲೆಯಾಡಿಸಿದರು.

ಸದ್ದಲೇ ಎಂಬ ಕೂಗು ಬಂತು. ಅಷ್ಟು ದೊಡ್ಡ ಬಯಲು ಕ್ಷಣಮಾತ್ರದಲ್ಲಿ ನಿಶ್ಶಬ್ದವಾಯಿತು. ಎಲ್ಲಿಯೋ ಒಂದು ಕೂಸು ಅತ್ತಿತು. ಗೊರವಯ್ಯನ ನುಡಿ ಬಂತು, ಅವನು ಬಿದ್ದ, ಬಯಲೆಲ್ಲ ಮತ್ತೆ ಭೋರ್ಗರೆಯಿತು. ಹುಡುಗಿಯ ಬೆರಳು ಆಗಲೇ ಓಡುತ್ತಿತ್ತು. ನಾಲ್ಕೇ ಪದ. ಮೂರನೆಯದನ್ನು ಬರೆದಳು, ತಡೆದಳು, ಅಳಿಸಿದಳು, ಇನ್ನೊಂದು ಬರೆದಳು. ನಮ್ಮ ಸುತ್ತಲೂ ಅದೇ ಪದದ ಮೇಲೆ ಜಗಳ ಹತ್ತಿತ್ತು. ನನಗೆ ಕೇಳಿಸಿದ್ದು ಅವಳು ಮೊದಲು ಬರೆದದ್ದು, ಪಕ್ಕದ ರೈತರಿಗೆ ಎರಡನೆಯದು. ಕಾರಣಿಕದಲ್ಲಿ ಇದು ಹೊಸತೇನಲ್ಲ.

ಮಾವ ನನ್ನತ್ತ ತಿರುಗಿದರು. ಕಪ್ಪು ಮುಚ್ಚಳದ ಹಿಂದೆ ಕಣ್ಣು ಕಾಣಲಿಲ್ಲ. “ಆಕಿ ಅಳಿಸಿ ಬರದಳಲ್ಲ, ಆವಾಗ ನನಗೂ ಜನರ ನಡುವೆ ನಿಂತು ಕೇಳಿದಂಗ ಆತು ನೋಡು” ಎಂದರು. ಆಮೇಲೆ ಆ ರೈತರೊಡನೆ ಮೂರನೆಯ ಪದದ ಬಗ್ಗೆ ವಾದಕ್ಕೆ ನಿಂತರು. ಮೊಮ್ಮಗಳು ರೈತರ ಮಾತನ್ನು ಬರೆಯುತ್ತ ಬರೆಯುತ್ತ ಬೆರಳು ನೋಯುತ್ತದೆಂದು ಅಳುಮೋರೆ ಮಾಡಿದಳು. ಬಂಡಿಗಳು ತಿರುಗುವವರೆಗೂ ವಾದ ಮುಗಿಯಲಿಲ್ಲ.

ಮರಳುವಾಗ ಹರಪನಹಳ್ಳಿಯ ದಾರಿ ಹಿಡಿದೆವು. ಈ ತಾಲ್ಲೂಕಿನವರು ವಿಳಾಸ ಬದಲಿಸಿ ಬದಲಿಸಿ ದಣಿದವರು: ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ. ಊರು ಮಾತ್ರ ಇದ್ದಲ್ಲಿಯೇ ಇದೆ. ಅಲ್ಲಿಂದ ಕೆಲವೇ ಮೈಲಿಯ ಬಾಗಳಿಯಲ್ಲಿ ಕಲ್ಲೇಶ್ವರನ ಗುಡಿಯಿದೆ. ಕಲ್ಯಾಣ ಚಾಳುಕ್ಯರ ಕಾಲದ್ದು, ಐವತ್ತರಷ್ಟು ಕಂಬಗಳ ತೆರೆದ ಮಂಟಪ, ಕಂಬಗಳಲ್ಲಿ ಬಗೆಬಗೆಯ ಕಡೆತ. ಎರಡನೆಯ ತೈಲಪನ ಕಾಲದ, ಕ್ರಿ. ಶ. 987ರ ಶಾಸನ ಈ ಗುಡಿಯನ್ನು ದುಗ್ಗಿಮಯ್ಯನೆಂಬವನ ಹೆಸರಿಗೆ ಜೋಡಿಸುತ್ತದೆ.

ಅಲ್ಲಿ ಜನವಿರಲಿಲ್ಲ, ಜಾಲ ಧಾರಾಳವಾಗಿತ್ತು. ಮಾವ ಮತ್ತೆ ಕನ್ನಡಕ ಹಾಕಿದರು. ಗುಡಿಯನ್ನು ನೋಡಿಕೊಳ್ಳುವ ಮುದುಕರು ಕಂಬ ತೋರಿಸುತ್ತ ಹೇಳಿದ್ದೆಲ್ಲ, ಹತ್ತರಲ್ಲಿ ಏಳು ಪದ ಸರಿಯಾಗಿ, ಗಾಳಿಯಲ್ಲಿ ಮೂಡಿತು. ಉಳಿದ ಮೂರನ್ನು ಮಾವ ಊಹಿಸಿದರು. ನಾನು ಶಾಸನದ ಕಲ್ಲಿನ ಮುಂದೆ ನಿಂತು, ಎಂ. ಎ. ಓದಿದ ಜಂಬದಿಂದ, ಮೊದಲ ಸಾಲನ್ನು ಗಟ್ಟಿಯಾಗಿ ಓದಿದೆ. ಮಾವ ಎದುರಿನ ಗಾಳಿಯನ್ನೇ ನೋಡುತ್ತ ಹುಬ್ಬು ಗಂಟಿಕ್ಕಿದರು. ನನ್ನ ಹಳಗನ್ನಡವನ್ನು ಯಂತ್ರ ಏನೆಂದು ತಿಳಿದಿತ್ತೋ ಅವರು ಹೇಳಲಿಲ್ಲ. ಕನ್ನಡಕ ತೆಗೆದು ಮೊಮ್ಮಗಳ ಕೈಗೆ ಕೊಟ್ಟರು. ಜೇಬಿನಿಂದ ಹಳೆಯ ಚಾಳೀಸನ್ನು ತೆಗೆದು ಪಂಚೆಯ ಅಂಚಿನಿಂದ ಒರೆಸಿ ಹಾಕಿಕೊಂಡರು. ಕಲ್ಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದತೊಡಗಿದರು. ಎರಡು ಕಡೆ ನಾನು ತಪ್ಪಿದ್ದೆ.

ಕಾರಿಗೆ ಹತ್ತುವಾಗ, “ಬರೋ ವರ್ಷ ಆ ತಂತಿ ಇನ್ನೊಂದು ಮೊಳ ಉದ್ದ ತರಿಸು. ಕೂಸಿಗೆ ಕೈ ಎತ್ತಿಹಿಡಿದು ಸಾಕಾತು” ಎಂದರು.